ಬಾಡುವ ಜಯಮಾಲೆ, ಬಾಡದ ಜಯಮಾಲೆ: ಆಟ, ಕೀರ್ತಿ, ನಿತ್ಯಜೀವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸಿನ ಕೊರಿಂಥದವರಿಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ, 24ರಿಂದ 27ರವರೆಗಿನ ನಾಲ್ಕು ವಚನಗಳು ಓಟಗಾರರ ಬಗ್ಗೆ ಇವೆ. ಅವರು ಎಲ್ಲದರಲ್ಲೂ ಮಿತವಾಗಿರುವುದು ಬಾಡಿಹೋಗುವ ಜಯಮಾಲೆಗಾಗಿ, ನಾವಾದರೋ ಬಾಡದ ಜಯಮಾಲೆಗಾಗಿ ಎಂಬುದು ಅಲ್ಲಿನ ಮಾತು. ಬೈಬಲ್ ಅಧ್ಯಯನದಲ್ಲಿ, ಸಂಡೇ ಸ್ಕೂಲಿನಲ್ಲಿ, ಮೈದಾನದ ಬದಿಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲು ತಿಳಿಯಬೇಕಾದದ್ದು

"ಬಾಡಿಹೋಗುವ ಜಯಮಾಲೆ" ಅಂದರೆ ನಮ್ಮ ಹೂವಿನ ಹಾರದ ಥರಾನಾ?

ಅಲ್ಲ. ಅದು ಕೊರಳಿಗೆ ಹಾಕುವಂಥದ್ದಲ್ಲ, ಅದರಲ್ಲಿ ಹೂವೂ ಇರುತ್ತಿರಲಿಲ್ಲ. ಕೊಡದ ಕೆಳಗೆ ಇಡುವ ಸಿಂಬಿಯ ಹಾಗೆ ಸೊಪ್ಪನ್ನೋ ಎಲೆ ತುಂಬಿದ ರೆಂಬೆಯನ್ನೋ ಸುತ್ತಿ ತಲೆಗೆ ಇಡುತ್ತಿದ್ದರು. ಗ್ರೀಕರಿಗೆ ನಾಲ್ಕು ದೊಡ್ಡ ಕ್ರೀಡಾಕೂಟಗಳಿದ್ದವು. ಒಲಿಂಪಿಯದಲ್ಲಿ ಕಾಡು ಆಲಿವ್, ಡೆಲ್ಫಿಯಲ್ಲಿ ಲಾರೆಲ್, ನೆಮೆಯದಲ್ಲಿ ಹಸಿ ಸೆಲರಿ ಸೊಪ್ಪು. ಕೊರಿಂಥದ ಪಕ್ಕದ ಇಸ್ತ್ಮಿಯದಲ್ಲಿ ಪೈನ್ ಮರದ ರೆಂಬೆ ಅಥವಾ ಸೆಲರಿ. ಹಳೆಯ ಬರಹಗಳಲ್ಲಿ ಎರಡೂ ಸಿಗುತ್ತವೆ. ಇಸ್ತ್ಮಿಯದ ಸೆಲರಿ ಒಣಗಿದ್ದು, ನೆಮೆಯದ್ದು ಹಸಿಯದ್ದು ಎಂದು ಹಳೆಯ ವ್ಯಾಖ್ಯಾನಕಾರರು ಬೇರೆ ಮಾಡಿ ಹೇಳುತ್ತಾರೆ. ಅಂದರೆ ಕೊರಿಂಥದವರ ಕಣ್ಣ ಮುಂದಿದ್ದ ಮಾಲೆ ಕೈಗೆ ಬರುವಾಗಲೇ ಬಾಡಿತ್ತು.

ಪೌಲ ಆಟ ನೋಡಿದ್ದನಾ, ಸುಮ್ಮನೆ ಉದಾಹರಣೆ ಕೊಟ್ಟನಾ?

ನೋಡಿದೆ ಎಂದು ಅವನು ಎಲ್ಲೂ ಬರೆದಿಲ್ಲ. ಆದರೆ ಲೆಕ್ಕ ಕೂಡಿಬರುತ್ತದೆ. ಇಸ್ತ್ಮಿಯದ ಕೂಟ ಎರಡು ವರ್ಷಕ್ಕೊಮ್ಮೆ, ವಸಂತದಲ್ಲಿ. ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ (ಅಪೊಸ್ತಲರ ಕೃತ್ಯಗಳು 18:11). ಅಲ್ಲಿ ಅವನನ್ನು ನ್ಯಾಯಸ್ಥಾನದ ಮುಂದೆ ನಿಲ್ಲಿಸಿದಾಗ ಗಲ್ಲಿಯೋನ ಅಲ್ಲಿನ ರೋಮನ್ ಅಧಿಪತಿಯಾಗಿದ್ದ. ಡೆಲ್ಫಿಯಲ್ಲಿ ಸಿಕ್ಕ ಶಾಸನದಿಂದ ಗಲ್ಲಿಯೋನನ ಕಾಲ ಕ್ರಿ.ಶ. 51-52ರ ಆಸುಪಾಸು ಎಂದು ಗೊತ್ತಾಗುತ್ತದೆ. 51ರ ವಸಂತದ ಕೂಟ ಬಹುಮಟ್ಟಿಗೆ ಈ ಅವಧಿಯೊಳಗೇ ಬೀಳುತ್ತದೆ. ಜೊತೆಗೆ ಅವನ ಕಸುಬು ಗುಡಾರ ಮಾಡುವುದು. ಊರಾಚೆ ದಿನಗಟ್ಟಲೆ ತಂಗುವ ಜನಕ್ಕೆ ನೆರಳು ಬೇಕಲ್ಲ!

ಒಂದು ಹಿಡಿ ಸೊಪ್ಪಿಗಾಗಿ ಅಷ್ಟು ಒದ್ದಾಡುತ್ತಿದ್ದರಾ?

ಸೊಪ್ಪಿಗಾಗಿ ಯಾರೂ ಒದ್ದಾಡಲಿಲ್ಲ, ಅದರ ಹಿಂದೆ ಬರುವುದಕ್ಕಾಗಿ ಒದ್ದಾಡಿದರು. ಒಲಿಂಪಿಯದಲ್ಲಿ ಗೆದ್ದವನಿಗೆ 500 ದ್ರಾಕ್ಮ (ಗ್ರೀಕರ ಬೆಳ್ಳಿ ನಾಣ್ಯ), ಇಸ್ತ್ಮಿಯದಲ್ಲಿ ಗೆದ್ದವನಿಗೆ 100 ದ್ರಾಕ್ಮ ಎಂದು ಅಥೆನ್ಸಿನ ಶಾಸನಕರ್ತ ಸೊಲೊನ್ ಗೊತ್ತುಮಾಡಿದ್ದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಊರಿನ ಖರ್ಚಿನಲ್ಲಿ ಊಟ, ಪ್ರತಿಮೆ, ಹೊಗಳುವ ಹಾಡು ಇವೂ ಇದ್ದವು. ಬೋಧಕರು "ಪಾಪ, ಬರೀ ಸೊಪ್ಪು" ಎಂದು ನಗಿಸುವುದುಂಟು. ಅದರಿಂದ ಪೌಲನ ಮಾತು ಸಪ್ಪೆಯಾಗುತ್ತದೆ. ಜಗತ್ತು ಕೊಡಬಲ್ಲ ಅತಿ ದೊಡ್ಡ ಮರ್ಯಾದೆಯನ್ನೇ ಅವನು "ಬಾಡುತ್ತದೆ" ಎಂದದ್ದು.

ಈಗಿನ ಚಿನ್ನದ ಪದಕ ಬಾಡೋದಿಲ್ಲವಲ್ಲ?

ಪೂರ್ತಿ ಚಿನ್ನದ ಒಲಿಂಪಿಕ್ ಪದಕ ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಕೊನೆ. ಈಗಿನದರ ಒಳಗಿರುವುದು ಬೆಳ್ಳಿ, ಮೇಲಿನ ಲೇಪದಲ್ಲಿ ಸುಮಾರು 6 ಗ್ರಾಂ ಚಿನ್ನ. 2024ರ ಪ್ಯಾರಿಸ್ ಕೂಟದ ಕಂಚಿನ ಪದಕಗಳಂತೂ ಕೆಲವು ದಿನಗಳಲ್ಲೇ ಬಣ್ಣಗೆಟ್ಟು ಚಕ್ಕೆ ಏಳತೊಡಗಿ, ಬದಲಿಸಿ ಕೊಡಬೇಕಾಯಿತು. ಕಂಚಿನ ಬಹುಪಾಲು ತಾಮ್ರ. ಮೇಲಿನ ರಕ್ಷಾಲೇಪ ಸರಿಯಾಗಿ ಕೂರದಿದ್ದರೆ ಬೆವರು, ಗಾಳಿ ತಾಗಿ ಕಪ್ಪಾಗದೆ ಇರದು.

ಲೋಹಕ್ಕಿಂತ ಬೇಗ ಬಾಡುವುದು ನೆನಪು. 1924ರಲ್ಲಿ 400 ಮೀಟರ್ ಗೆದ್ದ ಎರಿಕ್ ಲಿಡೆಲ್ ಹೆಸರು ಕ್ರೈಸ್ತ ವಲಯದಲ್ಲಿ ಹಲವರಿಗೆ ಗೊತ್ತು. 1920ರಲ್ಲಿ ಅದೇ ಓಟ ಗೆದ್ದವರು ದಕ್ಷಿಣ ಆಫ್ರಿಕಾದ ಬೆವಿಲ್ ರಡ್. ಈ ಹೆಸರು ಕೇಳಿದವರು ಎಷ್ಟು ಮಂದಿ? ಲಿಡೆಲ್ ಓಡಿದ 47.6 ಸೆಕೆಂಡನ್ನು 1932ರ ಒಲಿಂಪಿಕ್ಸ್‌ನಲ್ಲಿ ಬಿಲ್ ಕಾರ್ 46.2ಕ್ಕೆ ಇಳಿಸಿದರು. 2016ರಲ್ಲಿ ವೇಡ್ ವಾನ್ ನೀಕರ್ಕ್ 43.03ಕ್ಕೆ ತಂದರು.

ಕಿರೀಟ ಅನ್ನಬೇಕಾ, ಜಯಮಾಲೆ ಅನ್ನಬೇಕಾ?

ಈ ಜಾಗದಲ್ಲಿ ಜಯಮಾಲೆಯೇ ಸರಿ. ಗ್ರೀಕಿನಲ್ಲಿ ರಾಜರ ತಲೆಪಟ್ಟಿಗೆ "ಡಯಾಡೆಮ", ಗೆದ್ದವನ ಸುತ್ತುಮಾಲೆಗೆ "ಸ್ಟೆಫನೊಸ್". ಪೌಲ ಬಳಸುವುದು ಎರಡನೆಯದನ್ನು. ಯಾಕೋಬ 1:12 ಮತ್ತು ಪ್ರಕಟನೆ 2:10ರ ಜೀವದ ಜಯಮಾಲೆಯೂ ಅದೇ ಪದ. ಆದರೆ ಕನ್ನಡದಲ್ಲಿ ಓದುವಾಗ ಒಂದು ಸಂಬಂಧ ತಪ್ಪಿಹೋಗುತ್ತದೆ. ಯೇಸುವಿನ ತಲೆಗೆ ಸೈನಿಕರು ಹೆಣೆದಿಟ್ಟ ಮುಳ್ಳಿನದನ್ನು ನಾವು "ಕಿರೀಟ" ಎನ್ನುತ್ತೇವೆ. ಗ್ರೀಕಿನಲ್ಲಿ ಅದೂ ಸ್ಟೆಫನೊಸ್. ಸೊಪ್ಪಿನದು, ಮುಳ್ಳಿನದು, ಜೀವದ್ದು, ಮೂರಕ್ಕೂ ಒಂದೇ ಹೆಸರು. ಪಾಠ ಮಾಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು, ಕನ್ನಡ ಪಠ್ಯದಲ್ಲಿ ತಾನಾಗಿ ಕಾಣುವುದಿಲ್ಲ.

## ಅರ್ಥದ ಗೊಂದಲಗಳು

ಹಾಗಾದರೆ ಆಟ ಆಡೋದೇ ವ್ಯರ್ಥ ಅಂತನಾ?

ಆ ಮಾತು ಪಠ್ಯದಲ್ಲಿಲ್ಲ. ಓಟಗಾರರ ಶಿಸ್ತನ್ನು ಪೌಲ ಮೆಚ್ಚಿ ಮಾದರಿಯಾಗಿ ಇಡುತ್ತಾನೆ. 1 ತಿಮೊಥೆಯ 4:8 ಕೂಡ ದೇಹದ ಸಾಧನೆಯಿಂದ ಸ್ವಲ್ಪಮಟ್ಟಿಗೆ ಪ್ರಯೋಜನವಿದೆ ಎನ್ನುತ್ತದೆ. ಆ "ಸ್ವಲ್ಪ"ವನ್ನು ಸೊನ್ನೆ ಎಂದು ಓದುವ ಹಿರಿಯರಿಂದಲೇ ಎಷ್ಟೋ ಮಕ್ಕಳು ಸಭೆಗೂ ಮೈದಾನಕ್ಕೂ ನಡುವೆ ಸಿಕ್ಕಿಕೊಂಡು ಕೊನೆಗೆ ಸಭೆಯನ್ನು ಬಿಡುತ್ತಾರೆ.

ಒಬ್ಬನಿಗೆ ಮಾತ್ರ ಬಿರುದು ಅಂತಾನಲ್ಲ, ಪರಲೋಕಕ್ಕೂ ಒಬ್ಬನೇನಾ?

ಗ್ರೀಕರ ಕೂಟದಲ್ಲಿ ಎರಡನೇ, ಮೂರನೇ ಸ್ಥಾನಕ್ಕೆ ಏನೂ ಇರಲಿಲ್ಲ. ಅದನ್ನು ಹೇಳಿ ಪೌಲ ತಕ್ಷಣ ಬಹುವಚನಕ್ಕೆ ಹೊರಳುತ್ತಾನೆ: "ನೀವು" ಹಾಗೆ ಓಡಿರಿ. ಹೋಲಿಕೆ ಓಡುವ ರೀತಿಗೆ ಸಂಬಂಧಿಸಿದ್ದು, ಗೆಲ್ಲುವವರ ಸಂಖ್ಯೆಗಲ್ಲ. 2 ತಿಮೊಥೆಯ 4:8ರಲ್ಲಿ ಜಯಮಾಲೆ ತನಗೆ ಮಾತ್ರವಲ್ಲ, ಕರ್ತನ ಪ್ರತ್ಯಕ್ಷತೆಯನ್ನು ಪ್ರೀತಿಸುವ ಎಲ್ಲರಿಗೂ ಎಂದು ಸ್ಪಷ್ಟವಾಗಿಯೇ ಹೇಳುತ್ತಾನೆ.

ಓಡಿದರೆ ಮಾತ್ರ ನಿತ್ಯಜೀವ ಅಂದರೆ ಕೃಪೆ ಎಲ್ಲಿ ಹೋಯಿತು?

9ನೇ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಈ ಗಂಟು ಸಡಿಲಾಗುತ್ತದೆ. ಅಲ್ಲಿ ಚರ್ಚೆ ರಕ್ಷಣೆ ಸಂಪಾದಿಸುವುದು ಹೇಗೆ ಎಂಬುದಲ್ಲ. 8ನೇ ಅಧ್ಯಾಯದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಪದಾರ್ಥದ ಜಗಳ. ತಿನ್ನುವ ಹಕ್ಕಿದ್ದರೂ ಜೊತೆ ವಿಶ್ವಾಸಿಗಾಗಿ ಬಿಡು ಎಂಬ ಸಲಹೆ. 9ರಲ್ಲಿ ಸಂಬಳ ಪಡೆಯುವ ಹಕ್ಕಿದ್ದರೂ ತಾನು ಬಿಟ್ಟೆ ಎಂಬ ಲೆಕ್ಕ. ಆಮೇಲೆ ಓಟಗಾರ ಬರುತ್ತಾನೆ: ಅವನು ಊಟದಲ್ಲಿ, ನಿದ್ದೆಯಲ್ಲಿ, ಸುಖದಲ್ಲಿ ತನ್ನ ಹಕ್ಕುಗಳನ್ನು ಬಿಡುತ್ತಾನೆ. ಇಲ್ಲಿನ ಮಿತವೆಂದರೆ ಇನ್ನೊಬ್ಬರಿಗಾಗಿ ತನ್ನದನ್ನು ಬಿಡುವ ಅಭ್ಯಾಸ.

ನಿತ್ಯಜೀವವನ್ನು ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ (6:23) ದೇವರ ಉಚಿತ ವರವೆಂದು ಕರೆಯುತ್ತಾನೆ. ಗರಡಿಗೆ ಸೇರಿಸಿಕೊಂಡದ್ದು ಉಸ್ತಾದರ ದಯೆ; ಸೇರಿದ ಮೇಲೆ ಸಾಮು ಮಾಡುವುದು ಸೇರಿದವನ ಕೆಲಸ. ಈ ಎರಡನ್ನು ತಿರುವುಮುರುವು ಮಾಡಿದಾಗಲೇ ತೊಂದರೆ.

ನಿತ್ಯಜೀವ ಅಂದರೆ ಹೆಸರು ಶಾಶ್ವತವಾಗಿ ಉಳಿಯೋದಾ? ದೊಡ್ಡ ಆಟಗಾರರಿಗೆ ಅದು ಈಗಲೇ ಇದೆಯಲ್ಲ?

ನಮ್ಮ ದೃಷ್ಟಿಯಲ್ಲಿ ಎಲ್ಲ ಪ್ರಶ್ನೆಗಳ ಬುಡ ಇದು. ಹೆಸರು ಉಳಿಯುವುದು ಬೇರೆ, ಆ ಮನುಷ್ಯ ಉಳಿಯುವುದು ಬೇರೆ. ಕ್ರೊಟೋನಿನ ಮಿಲೋ ಕ್ರಿ.ಪೂ. 6ನೇ ಶತಮಾನದ ಕುಸ್ತಿಪಟು. ಒಲಿಂಪಿಯದಲ್ಲಿ ಆರು ಸಲ ಗೆದ್ದವನು, ಎರಡೂವರೆ ಸಾವಿರ ವರ್ಷವಾದರೂ ಹೆಸರು ಉಳಿದಿದೆ. ರೋಮಿನ ಲೇಖಕ ಸಿಸೆರೊ ಕ್ರಿ.ಪೂ. 44ರಲ್ಲಿ ಮುಪ್ಪಿನ ಬಗ್ಗೆ ಬರೆಯುವಾಗ ಇದೇ ಮಿಲೋನನ್ನು ತರುತ್ತಾನೆ: ಮುದುಕನಾದ ಅವನು ಕಣದಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗರನ್ನು ನೋಡಿ, ತನ್ನ ತೋಳುಗಳತ್ತ ನೋಡಿಕೊಂಡು, ಇವು ಸತ್ತೇಹೋದವಲ್ಲ ಎಂದು ಅತ್ತನಂತೆ. ಸಿಸೆರೊ ಅವನನ್ನು ಗದರಿಸುತ್ತಾನೆ: ಸತ್ತದ್ದು ತೋಳಲ್ಲ, ನೀನೇ, ನಿನಗೆ ಹೆಸರು ಬಂದದ್ದು ನಿನ್ನಿಂದಲ್ಲ, ಎದೆ ತೋಳುಗಳಿಂದ ಎಂದು.

ಪೌಲ ಆ ಅಳುವನ್ನು ಗದರಿಸುವುದಿಲ್ಲ. ತೋಳಿಗೇ ಉತ್ತರ ಕೊಡುತ್ತಾನೆ. 9:25ರಲ್ಲಿ ಮಾಲೆಯ ಬಗ್ಗೆ ಬಳಸಿದ "ಫ್ತಾರ್ಟೊಸ್" (ಕೆಡುವ), "ಅಫ್ತಾರ್ಟೊಸ್" (ಕೆಡದ) ಎಂಬ ಗ್ರೀಕ್ ಜೋಡಿಯ ಮೂಲಪದವೇ ಅದೇ ಪತ್ರದ 15:42ರಲ್ಲಿ ದೇಹದ ಬಗ್ಗೆ ಮತ್ತೆ ಬರುತ್ತದೆ: ಕೆಡುವ ಸ್ಥಿತಿಯಲ್ಲಿ ಬಿತ್ತಲ್ಪಟ್ಟದ್ದು ಕೆಡದ ಸ್ಥಿತಿಯಲ್ಲಿ ಎದ್ದುಬರುತ್ತದೆ. ಕನ್ನಡ ಬೈಬಲಿನಲ್ಲಿ ಒಂದು ಕಡೆ "ಬಾಡುವ", ಇನ್ನೊಂದು ಕಡೆ "ಲಯ" ಎಂದಿರುವುದರಿಂದ ಎರಡೂ ಒಂದೇ ಮಾತು ಎಂದು ಹೊಳೆಯುವುದಿಲ್ಲ. ಕ್ರೈಸ್ತ ನಿರೀಕ್ಷೆ ದೇಹದ ಪುನರುತ್ಥಾನ, ಸ್ಮಾರಕವಲ್ಲ. ಸ್ಮಾರಕಕ್ಕೆ ಇನ್ನೊಬ್ಬರ ನೆನಪು ಬೇಕು. ಪುನರುತ್ಥಾನಕ್ಕೆ ಬೇಕಾದದ್ದು ದೇವರ ನೆನಪು, ಮತ್ತು ಅವನ ಬಲ.

ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನು ತೋರಿಸೋದು ಹೇಗೆ?

ಕೊತ್ತಂಬರಿ ಸೊಪ್ಪಿನಿಂದ. ಸೆಲರಿಯೂ ಕೊತ್ತಂಬರಿಯೂ ಒಂದೇ ಸಸ್ಯಕುಟುಂಬ, ಬಾಡುವ ವೇಗವೂ ಹೆಚ್ಚುಕಡಿಮೆ ಒಂದೇ.

ಉದ್ದ ಕಾಂಡದ ಎರಡು ಕಟ್ಟು ಸೊಪ್ಪು, ನೆನೆಸಿದ ಬಾಳೆನಾರು, ಬಾಗುವ ತೆಳ್ಳನೆಯ ಒಂದು ಕಡ್ಡಿ ಸಾಕು. ಬೇರು ಕತ್ತರಿಸಿ, ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕಡ್ಡಿಯನ್ನು ಮಗುವಿನ ತಲೆಯಳತೆಗೆ, ಸುಮಾರು 50 ಸೆಂ.ಮೀ. ಸುತ್ತಿಗೆ, ಬಳೆಯಂತೆ ಕಟ್ಟಿ. ನಾಲ್ಕೈದು ಎಳೆಯ ಗೊಂಚಲನ್ನು ಒಂದರ ಬುಡದ ಮೇಲೆ ಇನ್ನೊಂದರ ತುದಿ ಬರುವಂತೆ ಇಟ್ಟು ನಾರು ಸುತ್ತುತ್ತಾ ಹೋಗಿ. ಆರಾಧನೆಗೆ ಮುಂಚೆ ಓಟದ ಪಂದ್ಯ ಇಟ್ಟು, ಗೆದ್ದವರ ತಲೆಗೆ ಇಡಿ. ಆರಾಧನೆ ಮುಗಿಯುವ ಹೊತ್ತಿಗೆ ಅದು ಜೋತುಬಿದ್ದಿರುತ್ತದೆ. ಪಾಠ ಆಗ ಶುರು ಮಾಡಿ.

ಈ ಪಾಠ ಕೆಡುವುದು ಎರಡು ಕಡೆ. ನೀರು ಚಿಮುಕಿಸಿದರೆ ಸೊಪ್ಪು ಬಾಡದೆ ಹಸಿರಾಗಿಯೇ ಉಳಿಯುತ್ತದೆ, ಮರುದಿನ ಕೊಳೆಯುತ್ತದೆ; ಮಕ್ಕಳಿಗೆ ಏನೂ ಕಾಣುವುದಿಲ್ಲ. ಇನ್ನೊಂದು ದೊಡ್ಡ ತಪ್ಪು, "ಬಾಡದ ಮಾಲೆ" ಎಂದು ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನದನ್ನು ಇಡುವುದು. ನಿತ್ಯಜೀವವೆಂದರೆ ಜೀವವಿಲ್ಲದ್ದು ಎಂದು ಮಗು ಕಲಿತು ಹೋಗುತ್ತದೆ. ಆ ಜಾಗ ಖಾಲಿ ಬಿಡಿ. ಯಾಕೆ ಖಾಲಿ ಎಂದು ಮಕ್ಕಳೇ ಕೇಳುತ್ತಾರೆ.

## ಆಡುತ್ತಿರುವವರಿಗೆ, ಆಟ ಬಿಟ್ಟವರಿಗೆ

ಭಾನುವಾರ ಪಂದ್ಯ ಇದ್ದರೆ ಆಡಬಹುದಾ? ಲಿಡೆಲ್ ಆಡಲಿಲ್ಲವಲ್ಲ?

ಲಿಡೆಲ್ ಕಥೆಯನ್ನು ಪೂರ್ತಿ ಹೇಳಬೇಕು. 1924ರ ಪ್ಯಾರಿಸ್ ಕೂಟದಲ್ಲಿ 100 ಮೀಟರ್‌ನ ಮೊದಲ ಸುತ್ತು ಜುಲೈ 6, ಭಾನುವಾರ. ಅವರಿಗೆ ಅದು ತಿಳಿದದ್ದು "ಚಾರಿಯಟ್ಸ್ ಆಫ್ ಫೈರ್" ಸಿನಿಮಾದಲ್ಲಿ ತೋರಿಸಿದ ಹಾಗೆ ಕೊನೆ ಗಳಿಗೆಯಲ್ಲಲ್ಲ, ತಿಂಗಳುಗಳ ಮುಂಚೆ. ಆ ಓಟ ಬಿಟ್ಟು 400 ಮೀಟರ್‌ಗೆ ತಯಾರಾದರು. 200ರಲ್ಲಿ ಕಂಚು, ಜುಲೈ 11ರಂದು 400ರಲ್ಲಿ ಚಿನ್ನ. ಮುಂದಿನ ವರ್ಷ ತಾವು ಹುಟ್ಟಿದ ಚೀನಾಕ್ಕೆ ಮಿಷನರಿಯಾಗಿ ಹೋದರು.

ಇನ್ನೊಂದು ತುದಿ ಕಡಿಮೆ ಜನಕ್ಕೆ ಗೊತ್ತು. 1943ರಿಂದ ಅವರು ಜಪಾನೀಯರ ವೈಶಿಯನ್ ಬಂಧನ ಶಿಬಿರದಲ್ಲಿದ್ದರು. ಅಲ್ಲಿ ಭಾನುವಾರ ಆಟ ಬೇಡವೆಂದೇ ಮೊದಲು ಪಟ್ಟುಹಿಡಿದರು. ಮಕ್ಕಳು ತಾವೇ ಹಾಕಿ ಆಡಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ಸೀಟಿ ಹಿಡಿದು ರೆಫರಿಯಾಗಿ ನಿಂತರು. ತನ್ನ ಚಿನ್ನದ ಸಲುವಾಗಿ ಮುರಿಯದ ನಿಯಮವನ್ನು ಮಕ್ಕಳ ಸಲುವಾಗಿ ಸಡಿಲಿಸಿದರು.

ಈಗಿನ ಲೀಗ್‌ಗಳಲ್ಲಿ ವೇಳಾಪಟ್ಟಿ ಆಟಗಾರರ ಕೈಯಲ್ಲಿಲ್ಲ. ಪ್ರಾಮಾಣಿಕ ಕ್ರೈಸ್ತರು ಎರಡೂ ರೀತಿ ತೀರ್ಮಾನಿಸಿದ್ದಾರೆ; ರೋಮಾಪುರದವರಿಗೆ 14:5 ಅದಕ್ಕೆ ಜಾಗ ಬಿಡುತ್ತದೆ. ಬಿಡುವುದಾದರೆ ಸೀಸನ್ ಶುರುವಾಗುವ ಮುಂಚೆಯೇ ಕೋಚ್‌ಗೆ ಹೇಳಿ. ಪಂದ್ಯದ ಹಿಂದಿನ ರಾತ್ರಿ ಹೇಳುವುದು ಭಕ್ತಿಯಲ್ಲ, ತಂಡಕ್ಕೆ ಮಾಡುವ ಅನ್ಯಾಯ. ಆಡುವುದಾದರೆ ವಾರದಲ್ಲಿ ಇನ್ನೊಂದು ದಿನದ ಆರಾಧನೆಯನ್ನು ಗಟ್ಟಿಮಾಡಿಕೊಳ್ಳಿ.

ಗೆಲ್ಲಲಿ ಅಂತ ಪ್ರಾರ್ಥಿಸಬಹುದಾ?

ಕೇಳಬಹುದು, ಎದುರು ತಂಡದಲ್ಲೂ ಯಾರೋ ಕೇಳುತ್ತಿರುತ್ತಾರೆ. ಯಾರಿಗೂ ಗಾಯವಾಗದಿರಲಿ, ಸೋತಾಗ ಬಾಯಿ ಹಿಡಿತದಲ್ಲಿರಲಿ ಎಂಬ ಪ್ರಾರ್ಥನೆಗೆ ಈ ತೊಡಕಿಲ್ಲ.

"ದೇಹವನ್ನು ಜಜ್ಜುತ್ತೇನೆ" ಅಂತ ಇದೆಯಲ್ಲ, ಗಾಯ ಇದ್ದರೂ ಆಡಬೇಕಾ? ಉಪವಾಸ ಇದ್ದು ಓಡಬಹುದಾ?

ಅಲ್ಲಿನ ಗ್ರೀಕ್ ಕ್ರಿಯಾಪದ ಮುಷ್ಟಿಕಾಳಗದ್ದು, ಕಣ್ಣಿನ ಕೆಳಗೆ ಗುದ್ದುವುದು. ಹಿಂದಿನ ವಚನದಲ್ಲಿ ಗಾಳಿ ಗುದ್ದುವವನ ಮಾತು ಬಂದಿದೆ, ಇದು ಅದರ ಮುಂದುವರಿಕೆ. ದೇಹ ಯಜಮಾನನಾಗದೆ ಆಳಾಗಿರಲಿ ಎಂಬುದು ತಾತ್ಪರ್ಯ. ಆಳನ್ನು ಕುಂಟನನ್ನಾಗಿಸಿ ಯಾರೂ ಕೆಲಸ ಮಾಡಿಸುವುದಿಲ್ಲ.

ದಣಿವಿನ ನೋವು ಸ್ನಾಯುವಿನಲ್ಲಿ ಎರಡೂ ಕಡೆ ಸಮನಾಗಿ ಇರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಒಂದೇ ಬದಿಯ ಕೀಲು ಅಥವಾ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ನೋವು, ಊತ, ಓಟದ ಹೆಜ್ಜೆಯನ್ನೇ ಬದಲಿಸುವ ನೋವು ಇದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವು ಮರೆಸುವ ಇಂಜೆಕ್ಷನ್ ಹಾಕಿಸಿಕೊಂಡು ಆಡಿದವರು ಸಣ್ಣ ಬಿರುಕನ್ನು ಪೂರ್ತಿ ಮುರಿತ ಮಾಡಿಕೊಳ್ಳುವುದುಂಟು.

ಉಪವಾಸವನ್ನು ಪಂದ್ಯದ ದಿನ, ಕಠಿಣ ಅಭ್ಯಾಸದ ದಿನ ಇಟ್ಟುಕೊಳ್ಳಬೇಡಿ. ವಿಶ್ರಾಂತಿಯ ದಿನ ಇಟ್ಟುಕೊಳ್ಳಿ, ನೀರು ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಬೇಡವೇ ಬೇಡ. ನಿಷೇಧಿತ ಮದ್ದಿನ ಬಗ್ಗೆ 2 ತಿಮೊಥೆಯ 2:5 ಸಾಕು: ನಿಯಮದಂತೆ ಹೋರಾಡದವನಿಗೆ ಜಯಮಾಲೆಯಿಲ್ಲ.

ತಂಡದಿಂದ ಕೈಬಿಟ್ಟರು. ಈಗ ನಾನು ಯಾರೂ ಅಲ್ಲ ಅನ್ನಿಸುತ್ತದೆ. ನಿತ್ಯಜೀವದ ಮಾತು ತಲೆಗೆ ಹೋಗುತ್ತಿಲ್ಲ.

ಹೋಗದಿರುವುದು ಅವಿಶ್ವಾಸವಲ್ಲ. ಹತ್ತು ಹದಿನೈದು ವರ್ಷ ನಿಮ್ಮ ಏಳುವ ಹೊತ್ತು, ತಿನ್ನುವ ತುತ್ತು, ಜೊತೆಯವರು, ಹೆಸರು ಎಲ್ಲವನ್ನೂ ಆಟ ಗೊತ್ತುಮಾಡಿತ್ತು. ಅದು ಒಂದೇ ದಿನ ನಿಂತಾಗ ಮೊದಲು ತಡವರಿಸುವುದು ಮೈ.

ಅಭ್ಯಾಸವನ್ನು ಥಟ್ಟನೆ ನಿಲ್ಲಿಸಬೇಡಿ. ವಾರಕ್ಕೆ ಆರು ದಿನ ಮಾಡುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಮೆಲ್ಲಗೆ ಮೂರು ದಿನಕ್ಕೆ ಇಳಿಸಿ. ಊಟವನ್ನೂ ಅದರ ಜೊತೆಗೇ ಇಳಿಸಿ. ಅಭ್ಯಾಸ ಬಿಟ್ಟರೂ ತಟ್ಟೆಯ ಅಳತೆ ಹಳೆಯದೇ ಉಳಿದರೆ ತೂಕ ಏರುತ್ತದೆ, ಕನ್ನಡಿ ನೋಡಿದಾಗ ದುಃಖ ಎರಡಾಗುತ್ತದೆ. ಬೆಳಗಿನ ಎದ್ದೇಳುವ ಹೊತ್ತನ್ನು ಮಾತ್ರ ಬದಲಿಸಬೇಡಿ. ಖಾಲಿಯಾದ ಆ ಗಂಟೆಯಲ್ಲಿ ಕಾಲು ಗಂಟೆ ಒಂದು ಕೀರ್ತನೆ ಓದಿ. ದೂರು ಹೇಳುವ ಕೀರ್ತನೆಗಳಿಂದ, 13ರಿಂದ ಅಥವಾ 42ರಿಂದ ಶುರುಮಾಡಿ. ಮೊದಲ ಆರು ತಿಂಗಳು ಸಾಲ, ವ್ಯಾಪಾರ, ಊರು ಬದಲಾವಣೆಯಂಥ ದೊಡ್ಡ ತೀರ್ಮಾನ ಬೇಡ.

ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದರೆ ಪಾಸ್ಟರ್ ಜೊತೆಗೆ ವೈದ್ಯರನ್ನೂ ನೋಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಹೆಸರಾಂತ ಆಟಗಾರ ನಂಬಿಕೆಗೆ ಬಂದಿದ್ದಾರೆ. ಕೂಟದಲ್ಲಿ ಸಾಕ್ಷಿ ಹೇಳಿಸೋಣವಾ?

ಆತುರ ಬೇಡ. ಸಭಾಧ್ಯಕ್ಷನ ಕೆಲಸಕ್ಕೆ ಹೊಸಬನನ್ನು ಇಡಬೇಡಿ, ಉಬ್ಬಿಕೊಂಡಾನು ಎಂದು 1 ತಿಮೊಥೆಯ 3:6 ಎಚ್ಚರಿಸುತ್ತದೆ. ವೇದಿಕೆಗೂ ಅದೇ ಕಾರಣ ಸಲ್ಲುತ್ತದೆ. ಕನಿಷ್ಠ ಒಂದು ವರ್ಷ ಅವರು ಹಿಂದಿನ ಬೆಂಚಿನಲ್ಲಿ ಎಲ್ಲರಂತೆ ಕೂತು ಕೇಳಲಿ. ಹೋರ್ಡಿಂಗ್‌ನಲ್ಲಿ ಅವರ ಚಿತ್ರ ಯೇಸುವಿನ ಹೆಸರಿಗಿಂತ ದೊಡ್ಡದಾಗಿದ್ದರೆ ಬಾಡುವ ಮಾಲೆಯನ್ನೇ ಸಭೆಯೊಳಕ್ಕೆ ತಂದ ಹಾಗಾಯಿತು. ನಾಳೆ ಅವರು ಫಾರ್ಮ್ ಕಳೆದುಕೊಂಡಾಗಲೂ ಕರೆಯುತ್ತೀರಾ? ಇಲ್ಲವೆಂದಾದರೆ ಇಂದೂ ಕರೆಯಬೇಡಿ.

## ಇನ್ನೂ ಆಳಕ್ಕೆ

ಸಿ. ಟಿ. ಸ್ಟಡ್ ಹಾಗೆ ಎಲ್ಲ ಬಿಟ್ಟುಬಿಡಬೇಕಾ?

ಚಾರ್ಲ್ಸ್ ಸ್ಟಡ್ ಇಂಗ್ಲೆಂಡಿನ ಕ್ರಿಕೆಟಿಗ, ಆಸ್ಟ್ರೇಲಿಯ ವಿರುದ್ಧ 1882ರ ಓವಲ್ ಟೆಸ್ಟ್‌ನಲ್ಲಿ ಆಡಿದವರು. ಇಂಗ್ಲೆಂಡಿಗೆ ಬೇಕಿದ್ದದ್ದು 85 ರನ್, ಸೋತದ್ದು 7 ರನ್‌ಗಳಿಂದ. ಈ ಎರಡು ದೇಶಗಳ ಟೆಸ್ಟ್ ಸರಣಿಗೆ ಆ್ಯಶಸ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಕೊನೆಯ ಇನಿಂಗ್ಸ್‌ನಲ್ಲಿ ಸ್ಟಡ್ ಒಂದು ಚೆಂಡೂ ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತೇ ಉಳಿದರು. ಮರುವರ್ಷ ಅಣ್ಣ ಜಾರ್ಜ್ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋದಾಗ, ಹಾಸಿಗೆಯ ಪಕ್ಕ ಕೂತ ಅವರಿಗೆ ಕೀರ್ತಿಯ ತೂಕ ತಿಳಿಯಿತು. 1885ರಲ್ಲಿ ಕೇಂಬ್ರಿಡ್ಜಿನ ಏಳು ಮಂದಿ ಮಿಷನರಿಗಳಲ್ಲೊಬ್ಬರಾಗಿ ಚೀನಾಕ್ಕೆ ಹೋದರು, ಪಿತ್ರಾರ್ಜಿತ ಹಣ ಹಂಚಿಬಿಟ್ಟರು. 1900ರಿಂದ 1906ರವರೆಗೆ ನಮ್ಮ ಪಕ್ಕದ ಊಟಿಯಲ್ಲಿ ಸಭಾಪಾಲಕರಾಗಿದ್ದರು. 1931ರಲ್ಲಿ ಕಾಂಗೋದಲ್ಲಿ ತೀರಿಕೊಂಡರು.

ಇಷ್ಟನ್ನೇ ಹೇಳಿ ಬಿಡುವುದು ಅರ್ಧ ಸತ್ಯ. ಅವರು ಆಫ್ರಿಕಾದಲ್ಲಿದ್ದ ವರ್ಷಗಳಲ್ಲಿ ಹೆಂಡತಿ ಬಹುತೇಕ ಇಂಗ್ಲೆಂಡಿನಲ್ಲೇ ಉಳಿದರು. ಕೊನೆಗಾಲದಲ್ಲಿ ಅವರ ಕಠೋರತೆಯಿಂದ ಜೊತೆಗಾರರೇ ದೂರವಾದರು. ಮೈದಾನದ ಹಠವನ್ನು ಮಿಷನ್ ಕೆಲಸಕ್ಕೂ ತಂದರೆ ಮಾಲೆಯ ಹೆಸರು ಬದಲಾದೀತು, ಹಠ ಹಾಗೇ ಇರುತ್ತದೆ. ಕರೆ ಬಂದವರು ಬಿಡಲಿ. ಆದರೆ ಮನೆಯವರ ಅನ್ನದ ದಾರಿ ಏನೆಂದು ಮೊದಲು ಕೂತು ಲೆಕ್ಕ ಹಾಕಲಿ.

"ಇತರರಿಗೆ ಸಾರಿದ ಮೇಲೆ ನಾನೇ ಅಯೋಗ್ಯನಾದೇನೋ" ಅಂತ ಪೌಲನೇ ಹೆದರಿದರೆ ನನ್ನ ಗತಿ?

ಅಲ್ಲಿನ ಪದ "ಅಡೊಕಿಮೊಸ್", ಪರೀಕ್ಷೆಯಲ್ಲಿ ನಿಲ್ಲದ್ದು. ಖೋಟಾ ನಾಣ್ಯಕ್ಕೂ ಇದನ್ನೇ ಹೇಳುತ್ತಿದ್ದರು. "ಸಾರಿದ" ಎನ್ನುವ ಪದ ಕೂಟದಲ್ಲಿ ಹೆಸರು ಕೂಗುವ ಸಾರುವವನನ್ನು ನೆನಪಿಸುತ್ತದೆ. ಇತರರನ್ನು ಓಟಕ್ಕೆ ಕರೆದವನೇ ಕಣದಿಂದ ಹೊರಬೀಳಬಾರದು ಎಂಬುದು ಚಿತ್ರ. ಇದು ರಕ್ಷಣೆ ಕಳೆದುಕೊಳ್ಳುವ ಮಾತೋ, ಸೇವೆಗೆ ಅನರ್ಹನಾಗುವ ಮಾತೋ ಎಂಬಲ್ಲಿ ಸಭೆಗಳಲ್ಲಿ ಭಿನ್ನಾಭಿಪ್ರಾಯವಿದೆ. ವಿಗ್ರಹದ ಪಂಕ್ತಿಯಲ್ಲಿ ಹಗುರವಾಗಿ ಕೂರುತ್ತಿದ್ದವರನ್ನು ಎಚ್ಚರಿಸುವ 10ನೇ ಅಧ್ಯಾಯ ಮುಂದೆಯೇ ಇರುವುದರಿಂದ, ಎಚ್ಚರಿಕೆ ಬರೀ ಅಲಂಕಾರವಲ್ಲ ಎಂದು ನಾವು ಓದುತ್ತೇವೆ. ಹಾಗಿದ್ದೂ ಅದು ಬೀಗಿದವರಿಗೆ ಬರೆದದ್ದು, ಕುಗ್ಗಿದವರಿಗಲ್ಲ. ಕುಗ್ಗಿದವರು ಫಿಲಿಪ್ಪಿ 1:6 ಓದಲಿ.

ಎದ್ದು ಬರುವ ದೇಹದಲ್ಲಿ ಹಳೆಯ ಗಾಯ ಇರುತ್ತದಾ? ಅಲ್ಲಿ ಆಟ ಇರುತ್ತದಾ?

ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಇತ್ತು (ಯೋಹಾನ 20:27). ಅದರಿಂದ ನೋವಿತ್ತೆಂದು ಬರೆದಿಲ್ಲ. ಇಷ್ಟಕ್ಕಿಂತ ಹೆಚ್ಚು ಹೇಳುವುದು ಊಹೆ. ಆಟದ ಬಗ್ಗೆ ಜೆಕರ್ಯ 8:4-5ರಲ್ಲಿ ಒಂದು ಮಾತು ಇದೆ. ದೇವರು ಮತ್ತೆ ಕಟ್ಟುವ ಯೆರೂಸಲೇಮಿನ ಬೀದಿಗಳಲ್ಲಿ ಮುದುಕರು ಕೋಲು ಹಿಡಿದು ಕೂತಿರುತ್ತಾರೆ, ಹುಡುಗ ಹುಡುಗಿಯರು ಆಡುತ್ತಿರುತ್ತಾರೆ. ಯಾರು ಗೆದ್ದರೆಂದು ಬರೆದಿಲ್ಲ.

ಕೊನೆಗೆ ಆ ಜಯಮಾಲೆಯನ್ನು ಏನು ಮಾಡುತ್ತಾರೆ?

ಪ್ರಕಟನೆ 4:10ರಲ್ಲಿ ಇಪ್ಪತ್ನಾಲ್ಕು ಹಿರಿಯರು ತಮ್ಮವನ್ನು ತಲೆಯಿಂದ ತೆಗೆದು ಸಿಂಹಾಸನದ ಮುಂದೆ ಹಾಕುತ್ತಾರೆ. ಅಲ್ಲಿಯೂ ಪದ ಸ್ಟೆಫನೊಸ್.